ನಮ್ಮ ಚಿತ್ರದೊಳಗೆ ಬಂದು ಕುಳಿತ ಐದನೆಯವಳು

ಸಂಶಯ ನನಗೆ ನೌಕರಿಯಿಂದ ಅಂಟಿತೋ, ಸಂಶಯದ ಸ್ವಭಾವ ನೋಡಿಯೇ ಆ ನೌಕರಿ ಕೊಟ್ಟರೋ ಹೇಳಲಾರೆ. ತಾಲ್ಲೂಕು ಕಚೇರಿಯ ದಾಖಲೆ ವಿಭಾಗದಲ್ಲಿ ಕುಳಿತು ಕಂಡವರ ಸಹಿಗಳನ್ನು ಕನ್ನಡಕದ ಒಳಗಿನಿಂದಲೂ ಮೇಲಿನಿಂದಲೂ ನೋಡುತ್ತ ಆಯುಷ್ಯ ಕಳೆದವನು ನಾನು. ನಿವೃತ್ತನಾಗಿ ರಾಣೆಬೆನ್ನೂರಿನ ಮನೆಯಲ್ಲಿ ಕುಳಿತ ಮೇಲೆ ನೋಡಲು ಸಹಿಗಳಿಲ್ಲದೆ ಹಾಲು, ತೊಗರಿಬೇಳೆ, ಹವಾಮಾನ ವರದಿಗಳ ಮೇಲೆ ಕಣ್ಣಿಟ್ಟಿದ್ದೇನೆ. ಚಹಾಕ್ಕೆ ಸಕ್ಕರೆ ಹಾಕಿದ್ದೇನೆ ಎಂದು ಹೆಂಡತಿ ಹೇಳಿದರೂ ಒಂದು ಗುಟುಕು ಕುಡಿದ ಮೇಲೆಯೇ ಒಪ್ಪುವುದು. "ನಮ್ಮ ಮದುವಿ ಫೋಟೋನೂ ಒಮ್ಮೆ ತಾಳೆ ನೋಡ್ಕೊಂಡಬಿಡ್ರಿ, ಅದರಾಗ ಇರಾಕಿ ನಾನ ಹೌದೋ ಅಲ್ಲೋ" ಎನ್ನುತ್ತಾಳೆ ಆಕೆ.

ಬ್ಯಾಡಗಿಯಲ್ಲಿ ನಾವು ಚಿಕ್ಕವರಿದ್ದಾಗ ಪಕ್ಕದ ಮನೆಯಲ್ಲಿ ಒಬ್ಬ ಡ್ರಾಯಿಂಗ್ ಮಾಸ್ತರರಿದ್ದರು. ಒಂಟಿ ಮನುಷ್ಯ. ಅವ್ವನ ಕೈಯ ರೊಟ್ಟಿ ಉಂಡು, ಅದಕ್ಕೆ ಪ್ರತಿಯಾಗಿ ಒಂದು ತೈಲಚಿತ್ರ ಬರೆದು ಕೊಟ್ಟಿದ್ದರು: ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕುಳಿತ ಹೆಂಗಸರು. ಅದು ನಮ್ಮ ಅಡುಗೆಮನೆಯ ಬಾಗಿಲ ಮೇಲೆ ಒಗ್ಗರಣೆಯ ಹೊಗೆ ಕುಡಿಯುತ್ತ ಉಳಿದುಬಿಟ್ಟಿತು. ಮಾಸ್ತರರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಅವರ ಶಿಷ್ಯರು ಹಾವೇರಿಯಲ್ಲಿ ಅವರ ಚಿತ್ರಗಳಿಗೆಂದೇ ಒಂದು ಸಂಗ್ರಹಾಲಯ ಮಾಡಿದರು. ನಾನೂ ನಮ್ಮ ಚಿತ್ರ ಕೊಟ್ಟೆ. ಚಿತ್ರ ಮುಟ್ಟಿದ್ದಕ್ಕೆ ಪೋಚನ್ನು, ಅಂದರೆ ರಸೀದಿಯನ್ನು, ಮಾತ್ರ ಎರಡು ಪ್ರತಿ ಬರೆಸಿಕೊಂಡೆ.

ಕೆಲವು ತಿಂಗಳ ನಂತರ ಪತ್ರ ಬಂತು. ಚಿತ್ರವನ್ನು ಸ್ವಚ್ಛಗೊಳಿಸಿ ತೂಗುಹಾಕಿದ್ದೇವೆ, ಮನೆಮಂದಿಯೆಲ್ಲ ಬನ್ನಿ ಎಂದು. ಕೊಟ್ಟ ವಸ್ತುವನ್ನು ನೋಡಲು ಇಷ್ಟು ಅಕ್ಕರೆಯಿಂದ ಯಾರಾದರೂ ಕರೆಯುತ್ತಾರೆಯೇ? ನನಗೆ ಅಲ್ಲಿಯೇ ಅನುಮಾನ ಬಂತು. ಬ್ಯಾಡಗಿಯಲ್ಲೇ ಇರುವ ಸರೋಜಕ್ಕನನ್ನು ಕರೆದುಕೊಂಡು ಹಾವೇರಿಗೆ ಹೋದೆ. ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು.

ಸಂಗ್ರಹಾಲಯ ನೋಡಿಕೊಳ್ಳುವ ಮೇಡಂ ನಗುತ್ತ ಬಂದರು. "ಬರ್ರಿ ಸರ್, ನಿಮ್ಮ ಚಿತ್ರ ಒಳಗಿನ ಖೋಲ್ಯಾಗ ಐತ್ರಿ."

ಒಳಗೆ ಹೋಗಿ ನೋಡಿದೆ. ನಮ್ಮ ಚಿತ್ರದಲ್ಲಿ ಮುಸ್ಸಂಜೆ ಇತ್ತು. ಇಲ್ಲಿ ಸ್ವಚ್ಛ ಬೆಳಗು. ನಮ್ಮ ಮೆಣಸಿನಕಾಯಿ ಕಂದು. ಇಲ್ಲಿಯದನ್ನು ನೋಡಿದರೆ ಸೀನು ಬರುವಂತಿತ್ತು. ಹೋಗಲಿ ಅಂದುಕೊಂಡು ಹೆಂಗಸರನ್ನು ಎಣಿಸಿದೆ. ನಾವು ಕೊಟ್ಟಾಗ ನಾಲ್ವರಿದ್ದರು. ಈಗ ಐವರು.

"ಮೇಡಂ, ಇದು ನಮ್ಮ ಚಿತ್ರ ಅಲ್ಲ. ನಮ್ಮದರಾಗ ನಾಲ್ಕು ಮಂದಿ ಇದ್ರು. ಅಸಲಿ ಎಲ್ಲೈತಿ?"

"ಮೂಲ್ಯಾಗ ಕಪ್ಪು ಕಲೆ ಇತ್ತಲ್ರಿ ಸರ್, ಅದು ಹೊಗಿ ಅಲ್ಲ, ಚೆಲ್ಲಿದ ಮಸಿ. ಅದನ್ನ ತಗದ ಮ್ಯಾಲೆ ಈ ಹುಡುಗಿ ಕಾಣಸ್ಯಾಳ."

ಇಂಥ ಸಮಜಾಯಿಷಿಗಳನ್ನು ನಾನು ಕಚೇರಿಯಲ್ಲಿ ಬೇಕಾದಷ್ಟು ಕೇಳಿದ್ದೇನೆ. ಅಕ್ಕ ಮಾತ್ರ ಚಿತ್ರಕ್ಕೆ ಹತ್ತಿರ ಹೋಗಿ ನಿಂತುಬಿಟ್ಟಿದ್ದಳು. "ತಮ್ಮಾ, ಇದು ನಮ್ಮದ ಐತಿ. ಮೂಲ್ಯಾಗ ಕುಂತಾಕಿ ನಾನ" ಎಂದಳು. ಮೇಡಂ ಆಕೆಗೇನಾದರೂ ಮೊದಲೇ ಫೋನು ಮಾಡಿದ್ದರೇ ಎಂಬ ವಿಚಾರ ನನ್ನ ತಲೆಯಲ್ಲಿ ಹಾದುಹೋಯಿತು. ಚಿತ್ರದ ಹಿಂಭಾಗ ನೋಡದೆ ಇಲ್ಲಿಂದ ಕದಲುವುದಿಲ್ಲ ಎಂದು ಹಟ ಹಿಡಿದೆ.

ಮೇಡಂ ಮುಖದ ನಗು ಆರಿತು. ಆದರೂ ಕೈಗವಸು ಹಾಕಿಕೊಂಡು ಚಿತ್ರ ಇಳಿಸಿ ಮೇಜಿನ ಮೇಲೆ ಮಗುಚಿ ಇಟ್ಟರು. ಹಿಂದಿನ ಹಲಗೆಯ ಮೇಲೆ ಪೆನ್ಸಿಲಿನ ಗುಂಡು ಅಕ್ಷರಗಳಿದ್ದವು. ಅಕ್ಕನೇ ಗಟ್ಟಿಯಾಗಿ ಓದಿದಳು: "ಮಸಿ ಚೆಲ್ಲಿದವಳು ಸರೋಜಾ. ನಾನು ಕಣ್ಣಾರೆ ಕಂಡಿದ್ದೇನೆ." ಕೆಳಗೆ ನನ್ನ ಹೆಸರು, ಎರಡನೇ ಇಯತ್ತೆ, 'ಅ' ವಿಭಾಗ.

"ಇದು ನಿಮ್ಮ ಅಕ್ಷರನಾ ಸರ್?" ಎಂದರು ಮೇಡಂ.

"ಹೋಲತಾವ. ಖಾತ್ರಿ ಹೇಳಾಕ ಆಗೂದಿಲ್ಲ" ಎಂದೆ.

ಅಕ್ಕ ನನ್ನನ್ನೇ ನೋಡಿದಳು. "ಮಸಿ ಕುಡಿಕಿ ಹಿಡಕೊಂಡು ಸ್ಟೂಲ್ ಹತ್ತಿದಾಂವ ನೀನು. ಅಪ್ಪ ನನ್ನ ಮಾತು ಯಾಕ ನಂಬಲಿಲ್ಲ ಅಂತ ಇಷ್ಟು ವರ್ಷ ತಿಳಿದಿರಲಿಲ್ಲ ನನಗ. ಮಾಸ್ತರ ಚಿತ್ರ ಹೊಲಸು ಮಾಡಿದಾಕಿ ಅವರ ಮನಿಗೆ ಕಲಿಯಾಕ ಹೋಗೂದು ಬ್ಯಾಡ ಅಂದ್ರು. ಅವತ್ತ ಬ್ರಷ್ ಕೆಳಗಿಟ್ಟೆ."

ಆಕೆ ಬ್ರಷ್ ಹಿಡಿಯುತ್ತಿದ್ದಳೆಂಬುದೇ ನನಗೆ ಮರೆತುಹೋಗಿತ್ತು. ಸ್ಟೂಲು ಮಾತ್ರ ಆಗ ಚೆನ್ನಾಗಿ ನೆನಪಾಯಿತು. ಅದರ ಒಂದು ಕಾಲು ಗಿಡ್ಡ. ಬೇರೆಯವರ ಕಳ್ಳ ಸಹಿ ಹಿಡಿದು ಹೆಸರು ಮಾಡಿದ ನಾನು, ನನ್ನ ಮೊಟ್ಟಮೊದಲ ದಾಖಲೆಯನ್ನೇ ಖೊಟ್ಟಿ ಸೃಷ್ಟಿಸಿದ್ದೆ. ಒರೆಸಲೆಂದು ಚಿತ್ರ ಇಳಿಸಿದ ಅಪ್ಪ ಅದನ್ನು ಓದಿ, ಪರಿಶೀಲಿಸದೆ ಮಂಜೂರು ಮಾಡಿದ್ದರು. "ನಂದ ತಪ್ಪು, ಅಕ್ಕಾ" ಎಂದೆ. ನಾಲಿಗೆಗೆ ರೂಢಿಯಿಲ್ಲದ ಮಾತು, ಎರಡು ಸಲ ತೊದಲಿತು. ಮೇಡಂಗೂ ಕೈ ಮುಗಿದೆ. ಅವರು ಚಿತ್ರ ತೂಗುಹಾಕಿ, ಅಕ್ಕನಿಗೆ ಎದುರಿಗೊಂದು ಕುರ್ಚಿ ತಂದಿಟ್ಟರು. ಆಕೆ ತನ್ನ ಹತ್ತು ವರ್ಷದ ಮುಖವನ್ನು ನೋಡುತ್ತ ಬಹಳ ಹೊತ್ತು ಕುಳಿತಳು. ನಾನು ಬಾಗಿಲ ಬಳಿ ನಿಂತೇ ಇದ್ದೆ.

ಮರಳುವಾಗ ಬ್ಯಾಡಗಿ ಮೇಲೆ ಹೋಗುವ ಬಸ್ಸು ಹಿಡಿದೆವು. ಅಕ್ಕ ಕಿಟಕಿಯ ಪಕ್ಕ ಕುಳಿತು ಹೊರಗೆ ನೋಡುತ್ತಿದ್ದಳು. ಕ್ಷಮಿಸಿದ್ದಾಳೆ ಎಂದು ನಾನು ನಿರಾಳನಾಗುತ್ತಿದ್ದಂತೆ ಮೆಲ್ಲಗೆ ಇತ್ತ ತಿರುಗಿದಳು.

"ತಮ್ಮಾ, ಅಪ್ಪನ ಗಡಿಯಾರ ಒಡದಾಕಿನೂ ನಾನ ಅಂತ ಬೈಸ್ಕೊಂಡಿದ್ದೆ. ಅದನ್ನ ಯಾರು ಒಡದಿದ್ರು?"

ಬ್ಯಾಡಗಿ ಇನ್ನೂ ಮೂರ್ನಾಲ್ಕು ಕಿಲೋಮೀಟರು ದೂರವಿತ್ತು. "ಏಳಕ್ಕಾ, ನಿನ್ನ ಸ್ಟಾಪ್ ಬಂತು" ಎಂದೆ.