ಅಸಲಿ ಎಂಜಿನು

ಎಂಜಿನಿನ ಹೊಟ್ಟೆಯ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಕತ್ತರಿ ಗುರುತು ಹಾಕಿ, ಪಕ್ಕದಲ್ಲಿ ‘ಇಲ್ಲಿ ಕೊರೆಯುವುದು’ ಎಂದು ಬರೆದಿದ್ದರು. ಬೆಳಿಗ್ಗೆ ಎಂಟೂಕಾಲಿಗೆ ಶೆಡ್ಡಿನ ಬೀಗ ತೆಗೆದ ಬಾಯ್ಲರಣ್ಣ ಅದನ್ನು ಓದಿದ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದ. ಆಮೇಲೆ ಅವನ ಕಿವಿಗಳು ಕೆಂಪಾದವು.

ಬಾಯ್ಲರಣ್ಣ ಎನ್ನುವುದು ಅವನ ಹೆಸರಲ್ಲ. ಅವನು ಆ ರೈಲು ಮ್ಯೂಸಿಯಮ್ಮಿನ ಫಿಟ್ಟರ್. ಸಿಟ್ಟು ಬಂದಾಗ ಮೊದಲು ಕಿವಿ, ಆಮೇಲೆ ಕುತ್ತಿಗೆ, ಕೊನೆಗೆ ಬೋಳು ನೆತ್ತಿ ಹೀಗೆ ಕ್ರಮವಾಗಿ ಕೆಂಪೇರುವುದನ್ನು ಕಂಡು ಟಿಕೆಟ್ ಕೌಂಟರಿನಾಕೆ ಇಟ್ಟ ಹೆಸರು ಅದು. ಕೆಂಪು ನೆತ್ತಿ ತಲುಪುವಷ್ಟರಲ್ಲಿ ಅಕ್ಕಪಕ್ಕದವರು ಬೇರೆ ಕಟ್ಟಡದಲ್ಲಿ ಏನಾದರೊಂದು ಕೆಲಸ ಹುಡುಕಿಕೊಂಡು ಹೋಗುತ್ತಿದ್ದರು.

ವಯಸ್ಸಿದ್ದಾಗ ಹದಿನಾಲ್ಕು ವರ್ಷ ಅವನು ಇಂಥವೇ ಎಂಜಿನುಗಳ ಒಲೆಗೆ ಸಲಿಕೆಯಲ್ಲಿ ಕಲ್ಲಿದ್ದಲು ಎತ್ತಿ ಹಾಕಿದ್ದ. ಡ್ರೈವರ್ ಪರೀಕ್ಷೆ ಪಾಸಾದ ವಾರವೇ ಹಬೆ ಎಂಜಿನುಗಳನ್ನೆಲ್ಲ ನಿಲ್ಲಿಸಿಬಿಟ್ಟರು. ಎಂಜಿನು ಓಡಲು ಹಬೆ ಬಿಡುವ ಹಿಡಿಯನ್ನು ಒಂದೇ ಒಂದು ಸಲ ತನ್ನ ಕೈಯಿಂದ ಎಳೆಯಬೇಕೆಂಬ ಆಸೆ ಅಲ್ಲಿಗೇ ನಿಂತಿತು. ಗುಜರಿಗೆ ಹೊರಟಿದ್ದ ಈ ಎಂಜಿನನ್ನು ಹತ್ತಾರು ಅರ್ಜಿ ಬರೆದು ಮ್ಯೂಸಿಯಮ್ಮಿಗೆ ತರಿಸಿದವನು ಅವನೇ. ಒಂಬತ್ತು ವರ್ಷ ಅದರ ಕೆಳಗೆ ಅಂಗಾತ ಮಲಗಿ ರಿಪೇರಿ ಮಾಡಿದ. ಬರುವ ಭಾನುವಾರ ಅದು ಎರಡು ಬೋಗಿ ಎಳೆದುಕೊಂಡು ಒಂದೂವರೆ ಕಿಲೋಮೀಟರು ಆಚೆಯ ಹಳೇ ನಿಲ್ದಾಣಕ್ಕೆ ಪ್ರವಾಸಿಗರನ್ನು ಕರೆದೊಯ್ಯಬೇಕಿತ್ತು. ಡ್ರೈವರ್ ಅವನೇ.

ಅವನು ನೇರ ಮ್ಯಾನೇಜರ ಕೋಣೆಗೆ ನುಗ್ಗಿದ. ಮ್ಯಾನೇಜರು ಅವನ ಹೆಂಡತಿಯ ತಮ್ಮ. ಅದರಿಂದಾಗಿ ಇವರ ಜಗಳಗಳು ಕಚೇರಿಯಲ್ಲಿ ಶುರುವಾಗಿ ಊಟದ ಮೇಜಿನ ಮೇಲೆ ಮುಗಿಯುತ್ತಿದ್ದವು, ಅಥವಾ ಮುಗಿಯುತ್ತಿರಲಿಲ್ಲ.

“ಏನೋ ಅದು ಕೊರೆಯೋದು?”

“ಕೂತ್ಕೊಳ್ಳಿ ಭಾವ. ಟೀ ತರಿಸ್ಲಾ?”

“ಟೀ ಬೇಡ. ಯಾರ ಹೊಟ್ಟೆ ಕೊರೀತಿದೀಯ ನೀನು?”

“ಹೊಟ್ಟೆ ಅಲ್ಲ ಭಾವ, ಬಾಯ್ಲರು. ಅದರೊಳಗೆ ಕರೆಂಟ್ ಮೋಟರ್ ಕೂರಿಸ್ತೀವಿ. ಸ್ವಿಚ್ ಒತ್ತಿದ್ರೆ ಹೋಗತ್ತೆ, ಬಿಟ್ರೆ ನಿಲ್ಲತ್ತೆ. ಚಿಮಣಿಗೆ ಹೊಗೆ ಬಿಡೋ ಮಷೀನು. ನಾಟಕದಲ್ಲಿ ಇಡ್ತಾರಲ್ಲ, ಅದೇ. ಗುಲಾಬಿ ವಾಸನೆ ಬರತ್ತೆ.”

“ಗುಲಾಬಿ,” ಎಂದ ಬಾಯ್ಲರಣ್ಣ. ಕೆಂಪು ಕುತ್ತಿಗೆಗೆ ಬಂದಿತ್ತು.

“ಕಲ್ಲಿದ್ದಲು ಹೊಗೆ ಜನರ ಬಟ್ಟೆಗೆ ಮಸಿ ಮಾಡತ್ತೆ ಭಾವ. ಕಿಡಿ ಹಾರಿ ಯಾರದಾದ್ರೂ ಕೂದಲಿಗೆ ಬಿದ್ರೆ ನಾನು ತಾನೆ ಉತ್ತರ ಹೇಳ್ಬೇಕು? ನಾಳೆ ಮೆಕ್ಯಾನಿಕ್ ಬರ್ತಾನೆ. ಡ್ರೈವರ್ ನೀವೇ, ಅದೇನೂ ಬದಲಾಗಿಲ್ಲ. ಒಂದು ಟೋಪಿ, ಕೊರಳಿಗೆ ಕೆಂಪು ಕರವಸ್ತ್ರ. ಅಕ್ಕಂಗೂ ಹೇಳಿದೀನಿ, ಚೆನ್ನಾಗಿರತ್ತೆ ಅಂದ್ಲು.”

“ಸೀಟಿ?”

“ಸ್ಪೀಕರ್ ಇದೆ. ಕೇಳಿ.” ಮ್ಯಾನೇಜರು ಮೊಬೈಲ್ ಒತ್ತಿದರು. ಕೋಣೆಯ ತುಂಬ ‘ಭೋಂ’ ಎಂದಿತು.

“ಅದು ಡೀಸೆಲ್ ಎಂಜಿನಿನ ಹಾರನ್ನು ಕಣೋ.”

“ಜನಕ್ಕೇನು ಗೊತ್ತಾಗತ್ತೆ ಬಿಡಿ ಭಾವ.”

ಬಾಯ್ಲರಣ್ಣ ಎದ್ದು ಬಾಗಿಲನ್ನು ಧಡಾರೆಂದು ಬಡಿಯಲು ಹೋದ. ಅದು ತಾನಾಗಿ ಮುಚ್ಚಿಕೊಳ್ಳುವ ಬಾಗಿಲು. ಮೈಯ ಬಲವನ್ನೆಲ್ಲ ಹಾಕಿ ಎಳೆದರೂ, ತುಂಬಿದ ಬಸುರಿ ಮೆಟ್ಟಿಲಿಳಿದ ಹಾಗೆ ತನ್ನ ಪಾಡಿಗೆ ನಿಧಾನವಾಗಿ ಬಂದು ಸದ್ದಿಲ್ಲದೆ ಕೂತಿತು. ಸಿಟ್ಟು ಇನ್ನಷ್ಟು ಏರಿತು.

“ಬಾಯ್ಲರಣ್ಣ, ಬನ್ನಿ ಇಲ್ಲಿ,” ಎಂದು ಟಿಕೆಟ್ ಕೌಂಟರಿನಾಕೆ ಕಿಂಡಿಯಿಂದ ಕೈ ಚಾಚಿ ಕರೆದಳು. ಮ್ಯಾನೇಜರ ಕೋಣೆಗೂ ಅವಳ ಕೌಂಟರಿಗೂ ನಡುವೆ ಇದ್ದದ್ದು ತೆಳು ಹಲಗೆಯ ಗೋಡೆ; ಎಲ್ಲವನ್ನೂ ಕೇಳಿಸಿಕೊಳ್ಳುವುದು ಅವಳ ಕೆಲಸವಲ್ಲದಿದ್ದರೂ ಮಾಡುತ್ತಿದ್ದಳು. “ಇವತ್ತು ಹನ್ನೊಂದಕ್ಕೆ ಪುರಾತನ ವಸ್ತುಗಳ ಇಲಾಖೆ ಮೇಡಂ ಬರ್ತಿದಾರೆ, ಎಂಜಿನಿಗೆ ದರ್ಜೆ ಕೊಡೋಕೆ. ಅಸಲಿ ಹಳೇದು ಅಂತ ಅವರು ಬರೆದ್ಬಿಟ್ರೆ ಯಾರೂ ಅದಕ್ಕೊಂದು ತೂತು ಕೊರೆಯೋ ಹಾಗಿಲ್ಲ. ಮ್ಯಾನೇಜರೂ ಕೊರೆಯೋ ಹಾಗಿಲ್ಲ, ಅವರಪ್ಪನೂ ಕೊರೆಯೋ ಹಾಗಿಲ್ಲ.”

“ಅವರಪ್ಪ ನನ್ನ ಮಾವ.”

“ಅವರೂ ಕೊರೆಯೋ ಹಾಗಿಲ್ಲ,” ಎಂದಳು ಆಕೆ ಸಮಾಧಾನವಾಗಿ.

ಬಾಯ್ಲರಣ್ಣನ ಮುಖ ಅರಳಿ, ಮರುಕ್ಷಣವೇ ಬಾಡಿತು. ಎಂಜಿನಿನ ಭಾಗಗಳಲ್ಲಿ ಅರ್ಧಕ್ಕಿಂತ ಹೆಚ್ಚು ಶೆಡ್ಡಿನ ಹಿಂದಿನ ಲೇತಿನಲ್ಲಿ ಅವನೇ ತಯಾರಿಸಿದವು. ಗುಜರಿಯವರು ಹಿತ್ತಾಳೆಯದ್ದನ್ನೆಲ್ಲ ಮೊದಲೇ ಬಿಚ್ಚಿಕೊಂಡಿದ್ದರು. ಉಳಿದದ್ದು ತುಕ್ಕು ತಿಂದಿತ್ತು. ಹಳೆಯ ಚಿತ್ರಗಳನ್ನು ನೋಡಿ, ಅಳತೆ ಊಹಿಸಿ, ಕೆಟ್ಟರೆ ಮತ್ತೆ ಮಾಡಿ, ಒಂದೊಂದಾಗಿ ಕೂರಿಸಿದ್ದ. ಅದನ್ನು ಹೇಳಿದರೆ ಅಸಲಿ ಎಂದು ಯಾರು ಬರೆಯುತ್ತಾರೆ?

“ಹೇಳ್ಬೇಡಿ,” ಎಂದಳು ಆಕೆ. “ನಿಮ್ಮನ್ನ ಯಾರು ಕೇಳಿದ್ರು?”

ಪೇಂಟರನನ್ನು ಕರೆಸಿದರು. ಅವನು ವಿಷಯ ಕೇಳಿ ಸೊಂಟದ ಮೇಲೆ ಕೈಯಿಟ್ಟುಕೊಂಡ. “ಹೋದ ವಾರ ಫಳಫಳ ಹೊಳೆಯೋ ಹಾಗೆ ಮಾಡು ಅಂದ್ರಿ. ಇವತ್ತು ಮುದುಕಿ ಮಾಡು ಅಂತೀರ. ನಂಗೂ ಒಂದು ಮನಸ್ಸಿದೆ ಬಾಯ್ಲರಣ್ಣ.”

“ನಿನ್ನ ಮನಸ್ಸು ಆಮೇಲೆ. ಎರಡು ಗಂಟೆ ಟೈಮಿದೆ, ಕೈ ಆಡಿಸು.”

ಕ್ಯಾಂಟೀನಿನ ಟೀ ಚರಟ, ಒಲೆಯ ಮಸಿ, ಲಾರಿಯಿಂದ ಇಳಿಸಿದ ಕರಿ ಎಣ್ಣೆ ಎಲ್ಲ ಬಕೆಟ್ಟಿನಲ್ಲಿ ಕಲಸಿ ಪೇಂಟರ ಹೊಸ ಭಾಗಗಳಿಗೆಲ್ಲ ಬಳಿದ. ಒಂದು ವಾಲ್ವು ಮುಗಿಯುವಷ್ಟರಲ್ಲಿ ಅವನಿಗೆ ಕೆಲಸದ ಮೇಲೆ ಪ್ರೀತಿ ಹುಟ್ಟಿತು. ಇಟ್ಟಿಗೆ ಪುಡಿಯಿಂದ ತುಕ್ಕು ಮೂಡಿಸಿದ. ಹತ್ತೂಮುಕ್ಕಾಲಿಗೆ ಎಲ್ಲಿಂದಲೋ ಕಡ್ಡಿಯ ತುದಿಯಲ್ಲಿ ಒಂದು ಜೇಡರ ಬಲೆ ಹಿಡಿದು ತಂದ.

“ಬಲೆ ಬೇಡ ಮಾರಾಯ. ನಾನು ದಿನಾ ಒರೆಸೋ ಎಂಜಿನು ಇದು.”

“ಜೇಡ ಸಮೇತ ಇದೆ,” ಎಂದ ಪೇಂಟರ ನಿರಾಸೆಯಿಂದ.

ಇಲಾಖೆಯ ಮೇಡಂ ಹನ್ನೊಂದಕ್ಕೆ ಸರಿಯಾಗಿ ಬಂದರು. ಸಣ್ಣ ಮೈಕಟ್ಟು, ಮೆತ್ತನೆಯ ದನಿ, ಕೊರಳಲ್ಲಿ ಭೂತಗನ್ನಡಿ. ಇಂಥ ಮೆತ್ತನೆಯ ದನಿಯವರನ್ನು ಕಂಡರೆ ಬಾಯ್ಲರಣ್ಣನಿಗೆ ಮೊದಲಿನಿಂದಲೂ ಭಯ. ಅವರು ಅರುವತ್ತು ಭಾಗಗಳ ಪಟ್ಟಿ ಹೊರತೆಗೆದು ಕೂತರು.

ಮ್ಯಾನೇಜರು ಮುಂದೆ ಬಂದರು. “ಇದರಲ್ಲಿ ನೋಡೋದೇನೂ ಇಲ್ಲ ಮೇಡಂ. ನಮ್ಮ ಭಾವ ಎಲ್ಲಾ ಬದಲಾಯಿಸಿಬಿಟ್ಟಿದಾರೆ. ಅರ್ಧ ಎಂಜಿನು ಹಿಂದ್ಗಡೆ ಲೇತಲ್ಲಿ ಹುಟ್ಟಿದ್ದು.”

ಅದು ಅಕ್ಷರಶಃ ನಿಜವಾಗಿತ್ತು. ಅದಕ್ಕೇ ಬಾಯ್ಲರಣ್ಣನಿಗೆ ಎಲ್ಲಿಲ್ಲದ ಕೋಪ ಬಂತು.

“ಸುಳ್ಳು. ಒಂದು ಬೋಲ್ಟೂ ಮುಟ್ಟಿಲ್ಲ ನಾನು. ಇವನಿಗೆ ಬೋಲ್ಟ್ ಯಾವುದು ನಟ್ ಯಾವುದು ಅಂತ ಗೊತ್ತಿಲ್ಲ ಮೇಡಂ, ಮನೇಲಿ ಬಲ್ಬ್ ಹಾಕೋಕೂ ನನ್ನೇ ಕರೀತಾನೆ.”

“ಒಂಬತ್ತು ವರ್ಷ ಏನು ಮಾಡ್ತಿದ್ರಿ ಹಾಗಾದ್ರೆ?” ಎಂದು ಮೇಡಂ ಕೇಳಿದರು.

“ಒರೆಸ್ತಿದ್ದೆ.”

“ಒರೆಸ್ತಾನೇ ಇದ್ರು ಮೇಡಂ,” ಎಂದ ಬಾಗಿಲ ಬಳಿ ನಿಂತಿದ್ದ ವಾಚ್‌ಮನ್. ಅವನನ್ನು ಯಾರೂ ಕೇಳಿರಲಿಲ್ಲ. “ಭಾರೀ ಇತಿಹಾಸ ಇರೋ ಎಂಜಿನು. ಒಬ್ಬ ರಾಜ ಇದರ ಮೇಲೆ ಕೂತ್ಕೊಂಡು ಹೋಗಿದ್ದ.”

“ಮೇಲೆ?”

“ಒಳಗೆ ಜಾಗ ಇರ್ಲಿಲ್ಲ.”

ಬಾಯ್ಲರಣ್ಣ ಅವನನ್ನು ನೋಡಿದ ನೋಟಕ್ಕೆ ವಾಚ್‌ಮನ್ನನಿಗೆ ಗೇಟಿನ ಬಳಿ ತುರ್ತು ಕೆಲಸ ನೆನಪಾಯಿತು.

ಮೇಡಂ ಒಂದು ವಾಲ್ವಿನ ಬಳಿ ಬಗ್ಗಿ ಮೂಸಿದರು. “ಟೀ ವಾಸನೆ ಬರ್ತಿದೆಯಲ್ಲ?”

ಪೇಂಟರನ ಮುಖ ಸುಣ್ಣವಾಯಿತು. ಬಾಯ್ಲರಣ್ಣನಿಗೆ ಎಲ್ಲಿಂದ ಮಾತು ಬಂತೋ ಅವನಿಗೇ ತಿಳಿಯಲಿಲ್ಲ. “ಆಗಿನ ಡ್ರೈವರುಗಳು ಟೀ ಪಾತ್ರೆ ಇಡ್ತಿದ್ದಿದ್ದೇ ಅದರ ಮೇಲೆ ಮೇಡಂ. ಬಿಸಿ ಇರ್ತಿತ್ತಲ್ಲ. ಉಕ್ಕಿ ಉಕ್ಕಿ ಕಬ್ಬಿಣಕ್ಕೇ ಹಿಡಿದುಬಿಟ್ಟಿದೆ.”

“ಎಂಥ ವಿವರ,” ಎಂದು ಮೇಡಂ ಅದನ್ನು ಪೂರ್ತಿ ಬರೆದುಕೊಂಡರು.

ಆಮೇಲೆ ಚಕ್ರದ ದೊಡ್ಡ ತೋಳಿನ ಹಿತ್ತಾಳೆ ಬೇರಿಂಗಿನ ಮುಂದೆ ಮಂಡಿಯೂರಿ ಬಹಳ ಹೊತ್ತು ಕೂತರು. ಅದು ಬಾಯ್ಲರಣ್ಣ ಐದು ಸಲ ಕೆಡಿಸಿ ಆರನೇ ಸಲ ಗೆದ್ದದ್ದು. “ನೋಡಿ, ಈ ನಯ ನೋಡಿ,” ಎಂದರು ಮೇಡಂ. “ಇಂಥ ಕೆಲಸ ಈಗಿನ ಕಾಲದಲ್ಲಿ ಯಾರ ಕೈಯಲ್ಲೂ ಆಗಲ್ಲ.”

ಬಾಯ್ಲರಣ್ಣನ ಬಾಯಿ ತಾನಾಗಿ ತೆರೆದುಕೊಂಡಿತು. ಹಿಂದೆ ಬಂದು ನಿಂತಿದ್ದ ಟಿಕೆಟ್ ಕೌಂಟರಿನಾಕೆ ಜೋರಾಗಿ ಕೆಮ್ಮಿದಳು. ಬಾಯಿ ಮುಚ್ಚಿತು.

ಕೊನೆಗೆ ಮೇಡಂ ಎರಡೇ ಎರಡು ಭಾಗಗಳನ್ನು ನಕಲಿ ಎಂದು ಹೊಡೆದುಹಾಕಿದರು: ಚಿಮಣಿಯ ಬಾಯಿಯ ಬಳೆ ಮತ್ತು ಒಲೆಯ ಬಾಗಿಲು. “ಇವನ್ನ ಯಾರೋ ಇತ್ತೀಚೆಗೆ ಒರಟಾಗಿ ಮಾಡಿ ಸಿಕ್ಕಿಸಿದಾರೆ.” ಅವೆರಡೂ ಕಾರ್ಖಾನೆಯಿಂದಲೇ ಬಂದಿದ್ದವು. ಅವುಗಳ ಪರವಾಗಿ ಮಾತಾಡಲಾರದೆ ಬಾಯ್ಲರಣ್ಣ ಹಲ್ಲು ಕಚ್ಚಿ ನಿಂತ. ‘ಯಾವ ಭಾಗವನ್ನೂ ನಾನು ಬದಲಾಯಿಸಿಲ್ಲ’ ಎಂಬ ಹೇಳಿಕೆಯನ್ನು ಮುಂದಿಟ್ಟಾಗ ಸಹಿ ಹಾಕಿದ.

“ಅರುವತ್ತಕ್ಕೆ ಐವತ್ತೆಂಟು,” ಎಂದರು ಮೇಡಂ, ಮೊಹರು ಒತ್ತುತ್ತ. “ಒಂದನೇ ದರ್ಜೆ. ನನ್ನ ಸರ್ವೀಸಿನಲ್ಲಿ ಇದೇ ಮೊದಲು. ಇನ್ನು ಇದಕ್ಕೆ ಯಾರೂ ಒಂದು ಮೊಳೆ ಸಹ ಹೊಡೆಯೋ ಹಾಗಿಲ್ಲ.”

ಬಾಯ್ಲರಣ್ಣ ಮ್ಯಾನೇಜರ ಕಡೆ ತಿರುಗಿದ. ಒಂಬತ್ತು ವರ್ಷದಲ್ಲಿ ಮೊದಲ ಸಲ ಮ್ಯಾನೇಜರ ಎದುರು ಅವನ ಕಿವಿಗಳು ಮಾಮೂಲು ಬಣ್ಣದಲ್ಲಿದ್ದವು. “ಗುಲಾಬಿ ಹೊಗೆ ನಿಮ್ಮ ಮನೇಲಿ ಬಿಡ್ಕೋ ಹೋಗು,” ಎಂದು, ಮೇಡಮ್ಮಿಗೆ ಕೈಮುಗಿದ. “ಭಾನುವಾರ ನೀವೂ ಬರ್ಬೇಕು ಮೇಡಂ. ಬೆಳಿಗ್ಗೆ ಆರಕ್ಕೇ ಬೆಂಕಿ ಹಾಕ್ತೀನಿ.”

“ಬೆಂಕಿ?” ಎಂದರು ಮೇಡಂ. “ಒಂದನೇ ದರ್ಜೆಗೆ ಬೆಂಕಿ ಹಾಕೋ ಹಾಗಿಲ್ಲವಲ್ಲ. ನೀರೂ ತುಂಬೋ ಹಾಗಿಲ್ಲ, ಚಕ್ರ ಒಂದಿಂಚು ಉರುಳಿಸೋ ಹಾಗೂ ಇಲ್ಲ. ಅಸಲಿ ಭಾಗ ಸವೆದು ಹೋದ್ರೆ ಮತ್ತೆಲ್ಲಿ ತರೋಣ?”

ಟಿಕೆಟ್ ಕೌಂಟರಿನಾಕೆ ತನ್ನ ಚಪ್ಪಲಿಯನ್ನು ಪರೀಕ್ಷಿಸತೊಡಗಿದಳು.

“ಓಡಿಸ್ಬೇಕಾದ್ರೆ?” ಎಂದ ಬಾಯ್ಲರಣ್ಣ, ಅವನದಲ್ಲದ ದನಿಯಲ್ಲಿ.

“ಅದಕ್ಕೆ ಎರಡನೇ ದರ್ಜೆ ಇದೆ. ಅರ್ಧಕ್ಕಿಂತ ಹೆಚ್ಚು ಭಾಗ ಹೊಸದಾಗಿ ಮಾಡಿಸಿದ್ರೆ ಅದು. ಅದನ್ನೂ ಕೊರೆಯೋ ಹಾಗಿಲ್ಲ, ಆದ್ರೆ ಬೆಂಕಿ ಹಾಕ್ಬಹುದು, ದಿನಾ ಬೇಕಾದ್ರೂ ಓಡಿಸ್ಬಹುದು. ಪಾಪ, ನಿಮ್ಮದು ಪೂರ್ತಿ ಅಸಲಿ.”

ಕೆಂಪು ಈ ಸಲ ಕ್ರಮ ಪಾಲಿಸಲಿಲ್ಲ, ನೇರ ನೆತ್ತಿಗೆ ಹೋಯಿತು. “ಮೇಡಂ, ನಾನು ಹೇಳಿದ್ದೆಲ್ಲ ಸುಳ್ಳು. ಇದರಲ್ಲಿ ಮೂವತ್ತೇಳು ಭಾಗ ನಾನೇ ಮಾಡಿದ್ದು. ಆ ಬೇರಿಂಗೂ ನಂದೇ. ಇವನನ್ನ ಕೇಳಿ.”

ಮ್ಯಾನೇಜರು ಆಗಲೇ ಮೊಬೈಲಿನಲ್ಲಿ ‘ಒಂದನೇ ದರ್ಜೆಯ ಏಕೈಕ ಎಂಜಿನು’ ಎಂದು ನಾಲ್ಕು ಜನಕ್ಕೆ ಕಳಿಸಿದ್ದರು. “ನಾನು ಸುಮ್ನೆ ತಮಾಷೆ ಮಾಡಿದ್ದು ಮೇಡಂ. ಭಾವ ಒಂದು ಬೋಲ್ಟೂ ಮುಟ್ಟಿಲ್ಲ. ಬರೀ ಒರೆಸ್ತಿದ್ರು.”

“ಪೇಂಟರನ್ನ ಕೇಳಿ.”

ಪೇಂಟರ ಬಕೆಟ್ಟಿನ ಮುಂದೆ ಅಡ್ಡ ನಿಂತು, “ನಂಗೆ ಬಣ್ಣ ಬಿಟ್ರೆ ಏನೂ ಗೊತ್ತಿಲ್ಲ,” ಎಂದ.

ಮೇಡಂ ಕರುಣೆಯಿಂದ ನೋಡಿದರು. “ದರ್ಜೆ ಸಿಕ್ಕ ಮೇಲೆ ಹೀಗೆ ಹೇಳೋರು ತುಂಬ ಜನ. ಬರೆದು ಸಹಿ ಹಾಕಿದೀರಿ. ಸಾಕ್ಷಿ ಏನಾದ್ರೂ ಇದೆಯಾ?”

“ಇದೆ. ಆ ಬೇರಿಂಗಿನ ಒಳಮೈಯಲ್ಲಿ ನನ್ನ ಹೆಂಡತಿ ಹೆಸರು ಕೊರೆದಿದೀನಿ.”

“ಅಕ್ಕನ ಹೆಸರಾ?” ಎಂದರು ಮ್ಯಾನೇಜರು, ನಿಜವಾಗಿ ಬೆರಗಾಗಿ.

“ನಾಲ್ಕು ಬೋಲ್ಟ್ ಮೇಡಂ. ಐದು ನಿಮಿಷ. ಬಿಚ್ಚಿ ತೋರಿಸ್ತೀನಿ.” ಬಾಯ್ಲರಣ್ಣ ಜೇಬಿನಿಂದ ಸ್ಪ್ಯಾನರ್ ತೆಗೆದ.

“ಇಡಿ ಅದನ್ನ ಕೆಳಗೆ,” ಎಂದರು ಮೇಡಂ. ದನಿ ಮೆತ್ತಗೇ ಇತ್ತು. “ಮೊಹರು ಬಿದ್ದಾಗಿದೆ. ಒಂದನೇ ದರ್ಜೆಗೆ ಸ್ಪ್ಯಾನರ್ ಮುಟ್ಟಿಸಿದ್ರೆ ಜೈಲು.”

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಮ್ಯಾನೇಜರು ತಗಡಿನ ಬೊಂಬೆ ಎಂಜಿನೊಂದನ್ನು ಮಾಡಿಸಿ ಬರಲಿದ್ದ ಮೋಟರನ್ನು ಅದಕ್ಕೆ ಹಾಕಿಸುವುದೆಂದು ಫೋನಿನಲ್ಲೇ ಗೊತ್ತುಮಾಡಿ, “ಟೋಪಿ ವೇಸ್ಟ್ ಆಗಲ್ಲ ಭಾವ,” ಎಂದರು. ವಾಚ್‌ಮನ್ ಎಂಜಿನಿನ ಸುತ್ತ ಹಗ್ಗ ಕಟ್ಟಿದ. ಮೇಡಂ ಒಂದು ರಟ್ಟಿನ ಹಲಗೆಯ ಮೇಲೆ ಗುಂಡಗಿನ ಅಕ್ಷರಗಳಲ್ಲಿ ಏನೋ ಬರೆದು ಮುಗಿಸಿ, ಫೋಟೋಕ್ಕೆ ಅದನ್ನು ಹಿಡಿದು ನಿಲ್ಲಲು ಯಾರಾದರೂ ಬೇಕು ಎಂದು ಸುತ್ತ ನೋಡಿದರು. ಉಳಿದವರಿಗೆಲ್ಲ ಕೆಲಸವಿತ್ತು.

“ನೀವು ಖಾಲಿ ಇದೀರಲ್ಲ,” ಎಂದರು.

ಬಾಯ್ಲರಣ್ಣ ಹಗ್ಗದ ಈಚೆ ನಿಂತು ಎರಡೂ ಕೈಯಲ್ಲಿ ಹಲಗೆ ಹಿಡಿದ. ಅದರ ಮೇಲೆ ಹೀಗಿತ್ತು: ‘ಮುಟ್ಟಬೇಡಿ. ಇದನ್ನು ಮಾಡಬಲ್ಲ ಕೈಗಳು ಈಗ ಎಲ್ಲಿಯೂ ಉಳಿದಿಲ್ಲ.’

“ಸ್ವಲ್ಪ ಮೇಲೆ,” ಎಂದರು ಮೇಡಂ, ಕ್ಯಾಮರಾದ ಹಿಂದಿನಿಂದ. “ನಿಮ್ಮ ಬೆರಳು ಅಕ್ಷರಕ್ಕೆ ಅಡ್ಡ ಬರ್ತಿದೆ.”