ಜೂನ್ ಒಂದಕ್ಕೆ ಹುಟ್ಟಿದವರ ಮನೆ

ಮುರಿಗೆಪ್ಪ ಹೊಸ ಯಂತ್ರದ ಮೇಲೆ ಹೊದಿಸಿದ್ದ ಹಳೆ ಲುಂಗಿಯನ್ನು ಜಗ್ಗಿ ತೆಗೆದಾಗ ಅವನ ಹೆಂಡತಿ ಶಿವಲೀಲಾಳ ಎದೆ ಧಸಕ್ಕೆಂದಿತು. ಗಂಡ ಹೊಸದೇನನ್ನೋ ಕಂಡುಹಿಡಿದನೆಂದರೆ ಮನೆಯಲ್ಲಿ ಇದ್ದದ್ದೇನೋ ಹಾಳಾಯಿತೆಂದೇ ಅರ್ಥ. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಇದು ಒಮ್ಮೆಯೂ ಸುಳ್ಳಾಗಿರಲಿಲ್ಲ.

"ಸರ್ವವಯೋರಂಜಿನಿ!" ಎಂದು ಮುರಿಗೆಪ್ಪ ಎದೆಯುಬ್ಬಿಸಿದ. ವಿಜಯಪುರದಲ್ಲಿ ಮೋಟಾರು ರಿಪೇರಿ ಮಾಡುವ ಈ ಪುಣ್ಯಾತ್ಮ, ಕೆಟ್ಟ ಕೂಲರಿನ ಡಬ್ಬಿಗೆ ಒಂದು ಕ್ಯಾಮೆರಾ, ಒಂದು ಸ್ಪೀಕರು ಕೂರಿಸಿದ್ದ. ಅದರಿಂದ ಹೊರಟ ದಪ್ಪ ವೈರು ಮುಂದಿನ ಬಾಗಿಲಿಗೂ ಹಿಂದಿನ ಬಾಗಿಲಿಗೂ ಹೋಗಿತ್ತು. "ಹೊರಗ ಬಿಸಲು ಹಂಚಿನಂಗ ಕಾದೈತಿ. ಇದು ಸಣ್ಣವರಿಂದ ಮುದುಕರ ಮಟ ಎಲ್ಲಾರಿಗೂ ಮನಿಯೊಳಗ ಆಟ ಆಡಿಸ್ತೈತಿ. ಆಟ ಮುಗಿಯೂ ಮಟ ಬಾಗಿಲಾ ಬಂದ್!"

"ನಾಕರ ಬಸ್ಸಿಗೆ ನಾ ಸಿಂದಗಿಗೆ ಹೋಗಬೇಕು. ನೆನಪೈತಿಲ್ರಿ?" ಎಂದಳು ಶಿವಲೀಲಾ.

ಸೂಟ್‌ಕೇಸು ಬೆಳಗ್ಗೆಯೇ ಬಾಗಿಲ ಬಳಿ ನಿಂತಿತ್ತು. ತಮ್ಮ ಮಲ್ಲಿನಾಥನಿಗೆ ಮದುವೆಯಾದ ಒಂಬತ್ತು ವರ್ಷದ ಮೇಲೆ ಹೆಣ್ಣುಕೂಸು ಹುಟ್ಟಿತ್ತು. ಸಂಜೆ ಆರಕ್ಕೆ ನಾಮಕರಣ. ಕೂಸಿನ ಕಿವಿಯಲ್ಲಿ 'ಕುರ್‍ರ್' ಎಂದು ಹೆಸರು ಹೇಳಬೇಕಾದವಳು ಸೋದರತ್ತೆ, ಇದ್ದವಳು ಇವಳೊಬ್ಬಳೇ. ಹೆಸರು ಹೇಳಿದ ಅತ್ತೆಯ ಬೆನ್ನಿಗೆ ನೆರೆದ ಹೆಂಗಸರೆಲ್ಲ ಗುದ್ದುವುದು ಅಲ್ಲಿನ ಪದ್ಧತಿ. ಆ ಗುದ್ದಿಗಾಗಿ ಶಿವಲೀಲಾ ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದಳು.

"ಈಗಿನ್ನೂ ಎರಡು ಗಂಟಿ! ಒಂದಾಟ ಆಡಿ ಹೋಗು" ಎಂದವನೇ ಮುರಿಗೆಪ್ಪ ಗುಂಡಿ ಒತ್ತಿಯೇಬಿಟ್ಟ.

ಯಂತ್ರ ಕೆಮ್ಮಿತು. "ಎಲ್ಲರಿಗೂ ನಮಸ್ಕಾರ. ಇಂದು ಜೂನ್ ಒಂದು. ಗುರುಬಸವ್ವನವರಿಗೆ ಎಂಬತ್ತೊಂದನೆಯ ಹುಟ್ಟುಹಬ್ಬದ ಶುಭಾಶಯ! ಮುರಿಗೆಪ್ಪನವರಿಗೆ ಐವತ್ತೆರಡು, ಶುಭಾಶಯ! ಶಿವಲೀಲಾ ಅವರಿಗೆ ನಲವತ್ತಾರು, ಶುಭಾಶಯ! ಹುಟ್ಟುಹಬ್ಬದವರಿಗೆ ವಯಸ್ಸು ಎಷ್ಟೋ ಅಷ್ಟು ಆಟ. ಒಟ್ಟು ನೂರಾ ಎಪ್ಪತ್ತೊಂಬತ್ತು."

ಟಕ್! ಎರಡೂ ಬಾಗಿಲಿಗೆ ಬೀಗ ಬಿತ್ತು.

"ಅಯ್ಯೋ ನನ್ನ ಶಿವನ! ಏನ್ರಿ ಇದು?"

ಆದದ್ದಿಷ್ಟೇ. ಮುರಿಗೆಪ್ಪ ಎಲ್ಲರ ಹುಟ್ಟಿದ ದಿನವನ್ನು ಕಾಗದಪತ್ರ ನೋಡಿ ತುಂಬಿದ್ದ. ಆ ಕಾಲದಲ್ಲಿ ಶಾಲೆಗೆ ಸೇರಿಸುವಾಗ ತಾರೀಕು ಯಾರಿಗೆ ಗೊತ್ತಿರುತ್ತಿತ್ತು? ಮಾಸ್ತರರು ಕಣ್ಣುಮುಚ್ಚಿ ಜೂನ್ ಒಂದು ಎಂದು ಬರೆಯುತ್ತಿದ್ದರು. ಶಾಲೆಯ ಮೆಟ್ಟಿಲನ್ನೇ ಹತ್ತದ ಅವನ ತಾಯಿ ಗುರುಬಸವ್ವನಿಗೂ ಪಿಂಚಣಿ ಅರ್ಜಿ ಬರೆದವನು ಅದನ್ನೇ ಗೀಚಿದ್ದ. ಆಸ್ಪತ್ರೆಯ ಪತ್ರವಿದ್ದ ಹನ್ನೊಂದು ವರ್ಷದ ಮಗಳು ಸ್ಫೂರ್ತಿಯೊಬ್ಬಳು ಪಾರಾಗಿದ್ದಳು.

"ಆ ವೈರ್ ಕತ್ತರಿಸ್ರಿ!"

"ಕತ್ತರಿಸಿದ್ರ ಬೀಗ ಜಪ್ಪಯ್ಯ ಅಂದ್ರೂ ತೆಗಿಯಂಗಿಲ್ಲ. ಕಳ್ಳರ ಸಲುವಾಗಿ ಹಂಗ ಮಾಡೇನಿ" ಎಂದ ಮುರಿಗೆಪ್ಪ. ಅವನ ದನಿಯಲ್ಲಿ ಆಗಲೂ ಹೆಮ್ಮೆಯೇ ಇತ್ತು!

ಬೇರೆ ದಾರಿಯಿಲ್ಲದೆ ಆಟ ಶುರುವಾಯಿತು. ಕುರ್ಚಿ ಆಟದಲ್ಲಿ ಅತ್ತೆ ಕೂರುವ ಮೊದಲು ಸೊಸೆ ಕೂರುವುದುಂಟೆ? ಗುರುಬಸವ್ವ ಸಾಲಾಗಿ ಐದು ಸಲ ಗೆದ್ದಳು. ಕಣ್ಣುಮುಚ್ಚಾಲೆಯಲ್ಲಿ ಮುರಿಗೆಪ್ಪ ಜೋಳದ ಚೀಲಗಳ ಸಂದಿಯಲ್ಲಿ ಸಿಕ್ಕಿಬಿದ್ದ, ಅವನನ್ನು ಎಳೆಯಲು ಮೂವರೂ ಸೇರಬೇಕಾಯಿತು. ಅಂತ್ಯಾಕ್ಷರಿಯಲ್ಲಂತೂ ಮುದುಕಿ ಬೀಸುವ ಪದ ಎತ್ತಿಕೊಂಡಳು. ಅದಕ್ಕೆ ನಲವತ್ತು ನುಡಿ! ನಡುವೆ ನಿಲ್ಲಿಸಿದರೆ ಯಂತ್ರ "ಹಿರಿಯರ ಮಾತಿಗೆ ಎದುರಾಡಬಾರದು" ಎಂದು ಗದರಿಸುತ್ತಿತ್ತು. ಅದನ್ನು ಹಾಗೆ ಕಲಿಸಿದವನೂ ಮುರಿಗೆಪ್ಪನೇ.

ಮೂರೂಕಾಲಾಯಿತು. ಮುಗಿದದ್ದು ಹದಿನಾಲ್ಕು ಆಟ. ಶಿವಲೀಲಾ ನೆಲಕ್ಕೆ ಕುಸಿದು ಅಳತೊಡಗಿದಳು. "ಒಂಬತ್ತು ವರ್ಷ ಕಾದೇನ್ರಿ! ಇನ್ಯಾರೋ ನನ್ನ ಜಾಗಾದಾಗ ನಿಂತು ಹೆಸರು ಹೇಳ್ತಾರ. ನನ್ನ ಹಣೇಬರಹಾನ ಇಷ್ಟ!"

ಗುರುಬಸವ್ವನ ಪದ ನಿಂತಿತು. "ನನ್ನ ಜಲಮದಾಗ ಇವತ್ತ ಮೊದಲನೇ ಸಲ ನನಗೊಬ್ರು ಶುಭಾಶಯ ಹೇಳಿದ್ರು. ಅದೂ ಈ ಕೂಲರು" ಎಂದಳು. ಸೊಸೆಯ ಅಳು ನೋಡಿ ಅವಳಿಗೂ ಸಂಕಟವಾಗಿತ್ತು. ಆಮೇಲೆ ಯಂತ್ರಕ್ಕೆ ಬೆರಳು ತೋರಿಸಿದಳು. "ಏ ಡಬ್ಬೀ, ಕೇಳಿಲ್ಲೆ! ನಾ ಹುಟ್ಟಿದ್ದು ನಾಗರಪಂಚಮಿಗೆ. ಈ ನನ್ನ ಮಗಾ ಹುಟ್ಟಿದ್ದು ದೀಪಾವಳಿ ಅಮಾಸಿಗೆ, ಅವತ್ತಿನಿಂದ ಹಿಂಗ ಢಂ ಢಂ ಅಂತಾನ!"

"ಹಿರಿಯರ ಮಾತು. ಒಪ್ಪಿದೆ" ಎಂದಿತು ಯಂತ್ರ. "ಅವರಿಬ್ಬರ ಆಟ ರದ್ದು. ಉಳಿದವರು ಶಿವಲೀಲಾ."

"ಅತ್ತೀ, ನಂದೂ ಏನರೆ ಒಂದು ಹೇಳ್ರಿ!"

"ನೀ ಹುಟ್ಟಿದಾಗ ನಾ ಎಲ್ಲಿದ್ನೆವ್ವ? ಇವತ್ತ ಸೋಮವಾರ, ಸುಳ್ಳು ಹೇಳಂಗಿಲ್ಲ. ನಿಮ್ಮ ದೊಡ್ಡವ್ವಗ ಕೇಳು."

ಶಿವಲೀಲಾ ಸಿಂದಗಿಗೆ ಫೋನು ಹಚ್ಚಿ ಸ್ಪೀಕರ್ ಒತ್ತಿದಳು. "ದೊಡ್ಡವ್ವಾ, ನಾ ಯಾವಾಗ ಹುಟ್ಟೇನಿ? ಲಗೂನ ಹೇಳು!"

"ಅದನ್ನ ಹೆಂಗ ಮರೀಲಿ?" ಎಂದಳು ದೊಡ್ಡವ್ವ ಖುಷಿಯಿಂದ. "ದವಾಖಾನ್ಯಾಗ ಮುಂಜಾನೆದ್ದು ಕ್ಯಾಲೆಂಡರಿನ ಮೇ ತಿಂಗಳ ಹಾಳಿ ನಾನ ಹರದಿದ್ನಿ, ನೀ ಹುಟ್ಟಿದಿ. ಜೂನ್ ಒಂದು! ಸಾಲಿ ಮಾಸ್ತರ್ರು ನಕ್ಕಿದ್ರು, 'ನಾ ಸುಳ್ಳು ಬರಿಯೂದು ತಪ್ಪಿಸಿದಾಕಿ ಇಕಿ ಒಬ್ಬಾಕಿನ' ಅಂತ!"

"ಅಭಿನಂದನೆಗಳು!" ಯಂತ್ರ ಗುಡುಗಿತು. "ಅಪ್ಪಟ ಹುಟ್ಟುಹಬ್ಬ! ಆದ್ದರಿಂದ ಆಟ ದುಪ್ಪಟ್ಟು. ತೊಂಬತ್ತೆರಡು!"

ಶಿವಲೀಲಾಗೆ ಅಳುವುದಕ್ಕೂ ತ್ರಾಣ ಉಳಿಯಲಿಲ್ಲ. ಗಡಿಯಾರ ನಾಲ್ಕು ಹೊಡೆಯಿತು. ಐದೂ ಹೊಡೆಯಿತು.

ಆರಕ್ಕೆ, ಇಪ್ಪತ್ತಾರನೇ ಆಟದ ನಡುವೆ, ಮಲ್ಲಿನಾಥನ ಫೋನು ಬಂತು. "ಅಕ್ಕಾ, ಬ್ಯಾರೆದವರು ಬ್ಯಾಡ, ನೀನ ಹೇಳು" ಎಂದು ಫೋನನ್ನು ಕೂಸಿನ ಕಿವಿಗೆ ಹಿಡಿದ. ಹಸುಗೂಸಿನ ಕಿವಿಗೆ ತುಟಿ ತಾಗಿಸಬೇಕಿದ್ದವಳು ಬಿಸಿಯೇರಿದ ಫೋನಿಗೆ ತುಟಿ ತಾಗಿಸಿದಳು.

"ಕುರ್‍ರ್... ಇಂಚರಾ..."

ಅಲ್ಲಿ ಹೆಂಗಸರಿಗೆ ಗುದ್ದಲು ಬೆನ್ನು ಬೇಕಲ್ಲ? ಫೋನು ಹಿಡಿದ ಮಲ್ಲಿನಾಥನಿಗೇ ಧಬಧಬ ಗುದ್ದಿದರು. ಇಲ್ಲಿ ಸೊಸೆಯ ಬೆನ್ನಿಗೆ ಗುರುಬಸವ್ವ, ಇಪ್ಪತ್ತೆರಡು ವರ್ಷದ್ದನ್ನೆಲ್ಲ ಸೇರಿಸಿ, ಗುದ್ದಿದಳು. ಗಲಾಟೆಗೆ ಕೂಸು ಫೋನಿನಲ್ಲೇ ಕಿಟಾರನೆ ಕಿರುಚಿತು.

"ಹೊಸ ಆಟಗಾರರು!" ಎಂದಿತು ಯಂತ್ರ. "ವಯಸ್ಸೆಷ್ಟು?"

"ಹದಿಮೂರು ದಿನ!" ಎಂದು ಸ್ಫೂರ್ತಿ ಕೂಗಿಬಿಟ್ಟಳು.

"ವಯಸ್ಸು ಸೊನ್ನೆ. ಆಟ ಸೊನ್ನೆ. ಈ ಕೂಸು ಹೊರಗೆ ಹೋಗಬಹುದು."

ಟಕ್! ಮುಂಬಾಗಿಲು ಹಾರುಹೊಡೆದು ತೆರೆಯಿತು. ಕೂಸು ಹೊರಗೆ ಹೋಗಲಿಲ್ಲ, ಅದು ಸಿಂದಗಿಯ ತೊಟ್ಟಿಲಲ್ಲಿತ್ತು. ಶಿವಲೀಲಾ ಫೋನು ಬಿಸುಟು, ಸೂಟ್‌ಕೇಸು ಕಸಿದುಕೊಂಡು, ಎದ್ದೆನೋ ಬಿದ್ದೆನೋ ಎಂದು ಓಡಿದಳು.

ಟಕ್! ಬಾಗಿಲು ಅವಳ ಮೂಗಿನ ಮುಂದೆಯೇ ಮುಚ್ಚಿಕೊಂಡಿತು.

"ಛೇ ಛೇ, ಸಣ್ಣದೊಂದು ದೋಷ ಉಳಕೊಂಡೈತಿ" ಎಂದು ಮುರಿಗೆಪ್ಪ ತಲೆ ಕೆರೆದುಕೊಂಡ. "ಬರೂ ವರ್ಷ ನಿನ್ನ ಹುಟ್ಟಿದಹಬ್ಬಕ್ಕ ಪಕ್ಕಾ ಸರಿ ಮಾಡಿಡ್ತೀನಿ ತಗೋ."

ಶಿವಲೀಲಾ ಸೂಟ್‌ಕೇಸನ್ನು ನೆಲಕ್ಕಿಟ್ಟು ಅದರ ಮೇಲೆಯೇ ಕುಳಿತಳು.

"ಏನೂ ಬ್ಯಾಡ್ರಿ" ಎಂದಳು. "ಬರೂ ವರ್ಷ ನಾ ಹುಟ್ಟೂದಿಲ್ಲ."