ಅಡಿಕೆ ಕತ್ತರಿಯಲ್ಲಿ ಅರ್ಧ ಮಾತ್ರೆ

ನಮ್ಮ ದೊಡ್ಡಪ್ಪನಿಗೆ ಕಾಯಿಲೆ ಬಂದಾಗಲೆಲ್ಲ ನನಗೆ ಪಾಪ ಅನ್ನಿಸುತ್ತಿದ್ದದ್ದು ಕಾಯಿಲೆಯನ್ನು ಕಂಡು! ನಾಲ್ಕು ದಿನ ಇದ್ದು, ಔಷಧಿ ತೆಗೆದುಕೊಂಡು, ಮರ್ಯಾದೆಯಾಗಿ ಹೊರಟುಹೋಗೋಣ ಅಂತ ಬಂದ ಜ್ವರಕ್ಕೆ ಆ ಮನೆಯಲ್ಲಿ ಸಿಗುತ್ತಿದ್ದದ್ದು ಅರ್ಧ ಔಷಧಿ. ಅಷ್ಟಕ್ಕೆ ಅದು ಹೋಗಬೇಕೋ ಇರಬೇಕೋ? ಹೊಸಿಲ ಮೇಲೆ ನಿಂತು ಅದೂ ಒದ್ದಾಡುತ್ತಿತ್ತು.

ಶಂಕರಪುರದ ಆ ಹಳೇ ಮನೆಯಲ್ಲಿ ಯಾವ ಮಾತ್ರೆಯೂ ಇಡಿಯಾಗಿ ಯಾರ ಹೊಟ್ಟೆಯನ್ನೂ ಸೇರಿದ್ದಿಲ್ಲ. ಊಟವಾದ ಮೇಲೆ ದೊಡ್ಡಪ್ಪ ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು, ಅಡಿಕೆ ಕತ್ತರಿಸುವ ಅದೇ ಕತ್ತರಿಯಲ್ಲಿ ಮಾತ್ರೆಯನ್ನೂ ಇಟ್ಟು ‘ಕಟಕ್’ ಅನ್ನಿಸುತ್ತಿದ್ದರು. ಅರ್ಧ ಬಾಯಿಗೆ, ಅರ್ಧ ತಟ್ಟೆಗೆ. ಅವರೇನು ಓದುಬರಹ ಇಲ್ಲದವರೇ? ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ರಿಟೈರ್ ಆದ ಮೇಷ್ಟ್ರು! ನನ್ನ ಹೊಟ್ಟೆ ಉರಿಯುತ್ತಿದ್ದದ್ದೇ ಅದಕ್ಕೆ.

"ಡಾಕ್ಟ್ರು ಬರೆಯೋದೆಲ್ಲ ಜಟ್ಟಿಗಳ ಲೆಕ್ಕದಲ್ಲಿ ಕಣೇ. ನನ್ನ ನೋಡು, ಜೋರಾಗಿ ಗಾಳಿ ಬೀಸಿದ್ರೆ ಹಾರ್ಹೋಗ್ತೀನಿ. ನನಗೆ ಇಡೀ ಮಾತ್ರೆ ಯಾಕೆ?" ಅನ್ನುವುದು ಅವರ ವಾದ.

ತಪ್ಪು ಅವರೊಬ್ಬರದೇ ಅಲ್ಲ, ಈ ಊರಿನದೂ ಇದೆ. ಒಂದು ಕಾಫಿ ತರಿಸಿ ಎರಡು ಲೋಟಕ್ಕೆ ಹುಯ್ದುಕೊಂಡು ‘ಬೈ ಟು’ ಅಂತ ಕುಡಿಯುವ ಊರು ನಮ್ಮದು. ಗಾಂಧಿಬಜಾರಿನ ಹೋಟೆಲಿನಲ್ಲಿ ದೋಸೆಯನ್ನೂ ಬೈ ಟು ಮಾಡಿ ತಿಂದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಕಾಫಿ ಅರ್ಧ ಕುಡಿದರೆ ಯಾರಿಗೂ ನ್ಯುಮೋನಿಯಾ ಆಗುವುದಿಲ್ಲ ಅನ್ನುವ ಸಣ್ಣ ವ್ಯತ್ಯಾಸವನ್ನು ಇವರಿಗೆ ಹೇಳುವವರು ಯಾರು? ಹೇಳಿದೆ. ಗಂಟಲು ಹರಿಯುವ ಹಾಗೆ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಮಿಕ್ಕ ಅರ್ಧಗಳ ಗತಿ ಏನು ಅಂತೀರಾ? ಅದಕ್ಕೆ ಲಾಲ್‌ಬಾಗ್ ಇತ್ತಲ್ಲ! ಮಾವಳ್ಳಿ ಕಡೆಯ ಗೇಟಿನಿಂದ ಒಳಗೆ ಹೋದರೆ ಒಂದು ಕಲ್ಲುಬೆಂಚು. ಬೆಳಗಿನ ವಾಕಿಂಗ್ ಮುಗಿಸಿದ ಮೇಲೆ ದೊಡ್ಡಪ್ಪನೂ ಅವರ ಸ್ನೇಹಿತರೂ ಅಲ್ಲಿ ಕೂತು, ಜೇಬಿನಿಂದ ಪೊಟ್ಟಣ ಬಿಚ್ಚುತ್ತಿದ್ದರು. ಮನೆಯಲ್ಲಿ ಉಳಿದ ಮಾತ್ರೆಗಳನ್ನೆಲ್ಲ ಪ್ರಸಾದದ ಹಾಗೆ ಹಂಚಿಕೊಳ್ಳುವುದು! ಒಂದು ಸಲ ನಾನೇ ಜೊತೆಗೆ ಹೋಗಿದ್ದಾಗ ಕೇಳಿಸಿಕೊಂಡ ಮಾತು ಇದು.

"ನಿಮ್ಮ ಹತ್ರ ಗುಲಾಬಿ ಬಣ್ಣದ್ದು ಇತ್ತಲ್ಲ ಸ್ವಾಮಿ?" ಅಂತ ಒಬ್ಬರು.

"ಅದು ಖಾಲಿ. ಹಳದಿ ಇದೆ, ಕೊಡ್ಲಾ?" ಅಂತ ದೊಡ್ಡಪ್ಪ.

"ಹಳದಿ ಯಾವುದಕ್ಕೆ?"

"ನಮ್ಮ ಅಕ್ಕನ ಸೊಸೆಗೆ ಕಿವಿ ನೋವಿತ್ತು. ಎರಡೇ ದಿನದಲ್ಲಿ ಕಡಿಮೆ ಆಯ್ತು."

"ನನ್ನದು ಮಂಡಿ ನೋವಲ್ವೇ?"

"ಎರಡೂ ನೋವೇ ತಾನೇ? ಇಟ್ಕೊಳ್ಳಿ!"

ಅವರು ಇಟ್ಟುಕೊಂಡರು. ನುಂಗಿಯೂ ಇರಬೇಕು. ಮಾರನೆಯ ವಾರ ಮಂಡಿ ಪರವಾಗಿಲ್ಲ ಅಂದರಂತೆ. ಇಂಥವರ ಜೊತೆ ಏನು ವಾದ ಮಾಡುತ್ತೀರಿ?

ಇದನ್ನೆಲ್ಲ ನಕ್ಕು ಮರೆಯುತ್ತಿದ್ದೆನೇನೋ. ಆದರೆ ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ ನನ್ನ ಮದುವೆ ನಿಶ್ಚಯವಾಯಿತು. ನಾನು ಸಣ್ಣವಳಿದ್ದಾಗಲೇ ಅಪ್ಪ ತೀರಿಕೊಂಡಿದ್ದರು. ಅಂದಿನಿಂದ ನಾನೂ ಅಮ್ಮನೂ ಇದ್ದದ್ದು ದೊಡ್ಡಪ್ಪನ ಮನೆಯ ಮಹಡಿಯ ಮೇಲೆ. ಅಮ್ಮ ಧಾರೆ ಎರೆಯುವ ಹಾಗಿಲ್ಲವಂತೆ. ಅದು ಬೇರೆಯದೇ ಸಿಟ್ಟು, ಇಲ್ಲಿ ಬೇಡ. ಧಾರೆಗೆ ಕೂರಬೇಕಾದವರು ದೊಡ್ಡಪ್ಪ, ದೊಡ್ಡಮ್ಮ. ಮದುವೆ ಮಾಘದಲ್ಲಿ. ಈ ಮಹಾನುಭಾವರು ಧನುರ್ಮಾಸ ಪೂರ್ತಿ ಕತ್ತಲಲ್ಲೇ ಎದ್ದು, ತಣ್ಣೀರು ಸುರಿದುಕೊಂಡು, ಗವಿಪುರದ ದೇವಸ್ಥಾನಕ್ಕೆ ನಡೆದು ಹೋಗಿ ಬಂದರು. ಪುಣ್ಯ ಎಷ್ಟು ಬಂತೋ ಗೊತ್ತಿಲ್ಲ, ಕೆಮ್ಮು ಮಾತ್ರ ಧಾರಾಳವಾಗಿ ಬಂತು. ಎದೆಯೊಳಗೆ ಯಾರೋ ಮಂಚ ಎಳೆದಾಡುವಂಥ ಕೆಮ್ಮು. ನನಗೆ ನಿಜಕ್ಕೂ ಭಯವಾಯಿತು. ಧಾರೆಯ ಹೊತ್ತಿಗೆ ಇವರು ಎದ್ದು ಕೂರುವ ಹಾಗಿರುತ್ತಾರೋ ಇಲ್ಲವೋ?

ಬ್ಯಾಂಕಿಗೆ ರಜೆ ಹಾಕಿ, ನಮ್ಮ ಮನೆತನದ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ಎದೆಗೂ ಬೆನ್ನಿಗೂ ಸ್ಟೆತಸ್ಕೋಪ್ ಇಟ್ಟು ನೋಡಿದರು.

"ಮಾಮೂಲಿ ಕೆಮ್ಮಾಗಿದ್ರೆ ಔಷಧೀನೇ ಬೇಡ, ತಾನಾಗೇ ಹೋಗತ್ತೆ ಅಂತಿದ್ದೆ ಮೇಷ್ಟ್ರೇ. ಆದ್ರೆ ನಿಮ್ಮ ಎದೆ ಹಳೇದು, ಪ್ರತಿ ಚಳಿಗೂ ಇದೇ ರಾಗ. ಈ ಸಲ ಕಫ ಹಳದಿ ತಿರುಗಿದೆ, ಜ್ವರ ಬೇರೆ. ಬ್ರಾಂಕೈಟಿಸ್ ಜೋರಾಗಿದೆ. ಕಾಂಬಿನೇಷನ್ ಆಂಟಿಬಯೋಟಿಕ್ ಕೊಡ್ತೀನಿ."

"ಕಾಂಬಿನೇಷನ್ ಅಂದ್ರೆ?" ಮೇಷ್ಟ್ರ ಕಿವಿ ನೆಟ್ಟಗಾಯಿತು.

"ಒಂದೇ ಮಾತ್ರೇಲಿ ಎರಡು ಔಷಧಿ. ಒಂದು ಕ್ರಿಮೀನ ಕೊಲ್ಲತ್ತೆ. ಕೆಲವು ಕ್ರಿಮಿ ಆ ಔಷಧೀನೇ ಮುರಿದುಹಾಕಿಬಿಡತ್ತೆ, ಹಾಗೆ ಮಾಡದೇ ಇರೋ ಹಾಗೆ ಎರಡನೇದು ಕಾಯತ್ತೆ. ಅಂಗರಕ್ಷಕ ಅಂದ್ಕೊಳ್ಳಿ. ಪೂರ್ತಿ ಕೋರ್ಸ್ ಮುಗಿಸ್ಬೇಕು."

ಆಶ್ಚರ್ಯ ಕೇಳಿ! ಮೊದಲ ಎರಡು ದಿನ ದೊಡ್ಡಪ್ಪ ಇಡೀ ಮಾತ್ರೆ ನುಂಗಿದರು. ದೊಡ್ಡಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು. ಮೂರನೆಯ ದಿನ ಮಧ್ಯಾಹ್ನ ಮಹಡಿಯ ಮೇಲಿದ್ದ ನನಗೆ ಕೆಳಗಿನಿಂದ ‘ಕಟಕ್’ ಅನ್ನುವ ಸದ್ದು ಕೇಳಿಸಿತು. ಮೆಟ್ಟಿಲು ಹಾರಿಕೊಂಡು ಬಂದೆ.

"ಏನ್ ಮಾಡ್ತಿದೀರಾ ದೊಡ್ಡಪ್ಪ?"

"ಕೂಗಾಡ್ಬೇಡ. ಮಧ್ಯದಲ್ಲಿ ಗೆರೆ ನೋಡಿದ್ಯಾ? ಯಾಕೆ ಹಾಕಿದಾರೆ ಹೇಳು? ಈ ಕಡೆ ಕೊಲ್ಲೋದು, ಆ ಕಡೆ ಕಾಯೋದು. ಕೊಲ್ಲೋದನ್ನ ನಾನು ತಗೋತೀನಿ. ಅಂಗರಕ್ಷಕ ನನಗೆ ಯಾಕೆ? ನಾನೇನು ಮುಖ್ಯಮಂತ್ರೀನಾ?"

"ಯಾವ ಕಡೆ ಯಾವುದು ಅಂತ ನಿಮಗೆ ಹೇಗೆ ಗೊತ್ತು?"

"ನೆಕ್ಕಿ ನೋಡಿದೆ. ಕಹಿ ಜಾಸ್ತಿ ಇರೋದು ಕೊಲ್ಲೋದು."

"ಎರಡನ್ನೂ ಕಲಸೇ ಮಾತ್ರೆ ಮಾಡಿರ್ತಾರೆ! ಉಪ್ಪಿಟ್ಟು ಅರ್ಧ ಮಾಡಿದ್ರೆ ಒಂದು ಕಡೆ ರವೆ, ಇನ್ನೊಂದು ಕಡೆ ಉಪ್ಪು ಬರತ್ತಾ?"

"ಬ್ಯಾಂಕಿನವಳು ನೀನು, ಕೆಮಿಸ್ಟ್ರಿ ನನಗೆ ಹೇಳ್ಕೊಡ್ತೀಯಾ?" ಅಂದವರೇ ಅರ್ಧವನ್ನು ಬಾಯಿಗೆ ಎಸೆದುಕೊಂಡು ನೀರು ಕುಡಿದುಬಿಟ್ಟರು.

ಮೈಯೆಲ್ಲ ಉರಿದುಹೋಯಿತು. ಅಲ್ಲ, ವಿಜ್ಞಾನದ ಮೇಷ್ಟ್ರ ಬಾಯಲ್ಲಿ ಬರುವ ಮಾತೇ ಇದು? ಇವರ ಕೈಯಲ್ಲಿ ಪಾಸಾದ ಹುಡುಗರ ಗತಿ ಏನು? ಅವರಲ್ಲಿ ಯಾರಾದರೂ ಡಾಕ್ಟರಾಗಿದ್ದರೆ ಬಸವನಗುಡಿಯ ಗತಿ ಏನು?

ಅದೇ ವಾರ ಗಂಡಿನ ಕಡೆಯ ಸೋದರಮಾವ ಮಂಟಪದ ವಿಷಯ ಮಾತಾಡಲು ಬಂದರು. ಊಟವಾಯಿತು. ಎಲೆ ಅಡಿಕೆ ತಟ್ಟೆ ಅವರ ಮುಂದೆ ಬಂತು. ಮಾತಾಡುತ್ತಾ ಮಾತಾಡುತ್ತಾ ಅವರು ಒಂದು ಎಲೆಗೆ ಸುಣ್ಣ ಹಚ್ಚಿ, ಕೈಗೆ ಸಿಕ್ಕ ಚೂರುಗಳನ್ನು ಅದರೊಳಗಿಟ್ಟು ಬಾಯಿಗೆ ಹಾಕಿಕೊಂಡರು. ಒಂದು ಸಲ ಜಗಿದರು. ಮುಖ ಹುಳ್ಳಗಾಯಿತು.

"ಏನ್ರೀ ಇದು, ಅಡಿಕೆ ಇಷ್ಟು ಕಹಿ?"

ದೊಡ್ಡಪ್ಪ ತಟ್ಟೆಯನ್ನೊಮ್ಮೆ ಬಗ್ಗಿ ನೋಡಿ, ಬಲು ಸಮಾಧಾನದಿಂದ, "ಗಾಬರಿ ಆಗ್ಬೇಡಿ. ಅದು ಬರೀ ಅಂಗರಕ್ಷಕ. ಏನೂ ಮಾಡಲ್ಲ," ಅಂದರು!

ಸೋದರಮಾವ ಬಚ್ಚಲಿಗೆ ಓಡಿದರು. ನಾನು ಅಡುಗೆಮನೆಯಲ್ಲಿ ತಲೆ ಚಚ್ಚಿಕೊಂಡೆ. ಈ ಸಂಬಂಧ ಮುರಿಯದೇ ಉಳಿದದ್ದು ನನ್ನ ಪೂರ್ವಜನ್ಮದ ಪುಣ್ಯ.

ಇಷ್ಟರ ಮೇಲೆ ಮನೆಯಲ್ಲಾದರೂ ಬೆಚ್ಚಗೆ ಮಲಗಿದರೇ? ಇಲ್ಲ! ಮಫ್ಲರ್ ಸುತ್ತಿಕೊಂಡು, ಚೀಲದಲ್ಲಿ ಲಗ್ನಪತ್ರಿಕೆ, ಅಕ್ಷತೆ, ಕುಂಕುಮದ ಬಟ್ಟಲು ಹಾಕಿಕೊಂಡು ಮದುವೆಗೆ ಕರೆಯಲು, ಮಾತ್ರೆ ಶುರುವಾದ ದಿನದಿಂದಲೇ, ದಿನಾ ಹೊರಡುತ್ತಿದ್ದರು. ದೊಡ್ಡಮ್ಮನಿಗೆ ಮೆಟ್ಟಿಲು ಹತ್ತಲಾರದ ಮಂಡಿ. ಆದ್ದರಿಂದ ಇವರೊಬ್ಬರೇ. ಇವತ್ತು ಚಾಮರಾಜಪೇಟೆ, ನಾಳೆ ಮಲ್ಲೇಶ್ವರ. "ಫೋನ್ ಮಾಡಿ ಕರೆದ್ರೆ ಸಾಕು ದೊಡ್ಡಪ್ಪ, ಪತ್ರಿಕೆ ಪೋಸ್ಟಿಗೆ ಹಾಕೋಣ," ಅಂದೆ. ಕೇಳಿಸದವರ ಹಾಗೆ ಚಪ್ಪಲಿ ಮೆಟ್ಟಿಕೊಂಡು ಹೋದರು.

ಆಗಬೇಕಾದದ್ದೇ ಆಯಿತು. ಇಳಿದಿದ್ದ ಜ್ವರ ಮತ್ತೆ ಏರಿತು. ಒಂದು ಸಂಜೆ ಗೇಟಿನಿಂದ ಜಗಲಿಗೆ ಬರುವಷ್ಟರಲ್ಲಿ ಏದುಸಿರು. ಕಂಬ ಹಿಡಿದು ನಿಂತುಬಿಟ್ಟರು. ತುಟಿಯ ಬಣ್ಣ ನೋಡಿ ಅಮ್ಮ ಅಳಲು ಶುರುಮಾಡಿದಳು. ಆಟೋ ಹತ್ತಿಸಿ ಮತ್ತೆ ಡಾಕ್ಟರ ಹತ್ತಿರ ಕರೆದೊಯ್ದೆ. ತಟ್ಟೆಯಲ್ಲಿದ್ದ ಅರ್ಧಗಳನ್ನೆಲ್ಲ ಸಾಕ್ಷಿಗೆ ಪೊಟ್ಟಣ ಕಟ್ಟಿ ತಂದಿದ್ದೆ. ಡಾಕ್ಟರ ಮೇಜಿನ ಮೇಲೆ ಸುರಿದೆ.

ಡಾಕ್ಟರು ಕುರ್ಚಿಯಿಂದ ಎದ್ದುಬಿಟ್ಟರು. "ಮೇಷ್ಟ್ರೇ, ಅರ್ಧ ಕೊಟ್ರೆ ಕ್ರಿಮಿ ಸಾಯಲ್ಲ, ಪಳಗತ್ತೆ! ಇದು ಗಾಳಿಗಿಟ್ರೆ ಕೆಟ್ಟೂ ಹೋಗತ್ತೆ. ಇನ್ನೊಂದು ವಾರ ಹೀಗೇ ಮಾಡಿದ್ದಿದ್ರೆ ಆಸ್ಪತ್ರೇಲಿ ಇರ್ತಿದ್ರಿ, ಮಂಟಪದಲ್ಲಲ್ಲ." ಹೊಸದಾಗಿ ಕೋರ್ಸ್ ಬರೆದು, ತಲೆಯೆತ್ತಿ, "ಅಂದ ಹಾಗೆ, ಇಡೀ ಮಾತ್ರೆ ತಗೊಂಡಾಗ ಹೊಟ್ಟೆ ಹೇಗಿತ್ತು? ಇದು ಕೆಲವರಿಗೆ ಭೇದಿ ಮಾಡತ್ತೆ," ಅಂದರು.

ದೊಡ್ಡಪ್ಪ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ನಾನು ಅವರ ಮುಖ ನೋಡಿದೆ. ಹೆಣ್ಣುಮಗಳ ಎದುರಿಗೆ ಆ ಮಾತು ಬಂತಲ್ಲ ಅಂತ ಕಿವಿ ಕೆಂಪಾಗಿತ್ತು. ಡಾಕ್ಟರು ನಕ್ಕು, ಊಟದ ಜೊತೆಗೇ ತೆಗೆದುಕೊಳ್ಳಿ, ಮೊಸರನ್ನ ತಿನ್ನಿ, ಜಾಸ್ತಿಯಾದರೆ ಬಂದು ಹೇಳಿ, ಕತ್ತರಿ ಮಾತ್ರ ಮುಟ್ಟಬೇಡಿ ಅಂದರು.

ಆಟೋದಲ್ಲಿ ನಾನು ಬಯ್ಯಲು ಶುರುಮಾಡಿದೆ. "ಭೇದಿ ಆಗತ್ತೆ ಅಂತ ಒಂದು ಮಾತು ಹೇಳೋಕೇನಾಗಿತ್ತು? ಗೆರೆಯಂತೆ, ಆ ಕಡೆಯಂತೆ, ಈ ಕಡೆಯಂತೆ! ಎಲ್ಲ ಬರೀ ಬೊಗಳೆ! ಎರಡು ದಿನ ಮನೇಲಿ ಕೂತಿದ್ರೆ ಮುಗೀತಿತ್ತಲ್ಲ!"

ಅವರೂ ರೇಗಿದರು. "ಮನೇಲಿ ಕೂತ್ರೆ ಕರೆಯೋರು ಯಾರೇ? ಇಡೀ ಮಾತ್ರೆ ನುಂಗಿ ಚಾಮರಾಜಪೇಟೆಗೆ ಹೋದೆನಲ್ಲ, ಮೂರನೇ ಮನೆ ಬಾಗಿಲಿಂದ ಹಾಗೇ ತಿರುಗಿ ಓಡಿ ಬಂದೆ. ಕುಂಕುಮದ ಬಟ್ಟಲು ಮುಂದೆ ಹಿಡಿದು, ಬಾಯಲ್ಲಿ ‘ನಿಮ್ಮ ಬಚ್ಚಲೆಲ್ಲಿ’ ಅಂತ ಕೇಳ್ಲಾ? ಅರ್ಧ ತಗೊಂಡ್ರೆ ಹೊಟ್ಟೆ ತೆಪ್ಪಗಿರ್ತಿತ್ತು."

"ಫೋನಲ್ಲಿ ಕರೀಬಹುದಿತ್ತು."

"ನಿಮ್ಮಪ್ಪ ಇದ್ದಿದ್ರೆ ಫೋನಲ್ಲಿ ಕರೀತಿದ್ನಾ?" ದನಿ ಕೆಮ್ಮಿನಲ್ಲಿ ಸಿಕ್ಕಿಕೊಂಡಿತು. "ಒಂದೊಂದು ಮನೆಗೂ ಹೋಗಿ, ಕೈ ಹಿಡಿದು ಕರೀತಿದ್ದ. ಅಪ್ಪ ಇಲ್ಲದ ಹುಡುಗಿ, ದೊಡ್ಡಪ್ಪ ಫೋನಲ್ಲೇ ಮುಗಿಸಿಬಿಟ್ಟ ಅಂತ ಒಬ್ಬರೂ ಅನ್ನಬಾರದು ಕಣೇ."

ಮಫ್ಲರಿನ ತುದಿಯನ್ನು ಅವರ ಕತ್ತಿಗೆ ಇನ್ನೊಂದು ಸುತ್ತು ಸುತ್ತಿ, ಅವರ ಕೈ ಹಿಡಿದುಕೊಂಡು ಕೂತೆ.

ಜ್ವರ ಬಿಟ್ಟು ಡಾಕ್ಟರು ಹೊರಗೆ ಹೋಗಲು ಒಪ್ಪಿದ ಮೇಲೆ ಉಳಿದ ಮನೆಗಳಿಗೆ ಇಬ್ಬರೂ ಹೋದೆವು. ಮದುವಣಗಿತ್ತಿ ತನ್ನ ಮದುವೆಗೆ ತಾನೇ ಕರೆಯುವುದೇ ಅಂತ ಕೆಲವರು ಮೂಗು ಮುರಿದರು. ಮುರಿದುಕೊಳ್ಳಲಿ! ಪ್ರತಿ ಮನೆಯಲ್ಲೂ ಕೂತ ತಕ್ಷಣ, "ಆಂಟಿ, ನಾನು ಸ್ವಲ್ಪ ಬಚ್ಚಲಿಗೆ ಹೋಗ್ಬರ್ಲಾ?" ಅಂತ ನಾಚಿಕೆ ಬಿಟ್ಟು ಕೇಳುತ್ತಿದ್ದವಳು ನಾನು. ದಾರಿ ನೋಡಿಕೊಂಡು ಬಂದು, ಎಡವೋ ಬಲವೋ ಅಂತ ದೊಡ್ಡಪ್ಪನಿಗೆ ಕಣ್ಣಲ್ಲೇ ತೋರಿಸುತ್ತಿದ್ದೆ. ಹುಡುಗಿಗೆ ಏನೋ ತೊಂದರೆ ಇರಬೇಕು ಅಂತ ಮಲ್ಲೇಶ್ವರದಲ್ಲಿ ಇವತ್ತಿಗೂ ಕೆಲವರು ನಂಬಿದ್ದಾರೆ. ಮಾತ್ರೆ ಮಾತ್ರ ಇಡಿಯಾಗಿ, ಕೊನೆಯದರ ತನಕ ಹೋಯಿತು.

ಮದುವೆಯ ದಿನ ಮಂಟಪದ ತುಂಬ ಜನ. ಅವರು ಕರೆದ ಮನೆಯವರೆಲ್ಲ ಬಂದಿದ್ದರು. ಧಾರೆಯ ಹೊತ್ತಿಗೆ ನನ್ನ ಕೈಯನ್ನು ದೊಡ್ಡಪ್ಪ ತಮ್ಮ ಅಂಗೈಯ ಮೇಲೆ ಇಟ್ಟುಕೊಂಡರು. ದೊಡ್ಡಮ್ಮ ನೀರಿನ ಗಿಂಡಿ ಎತ್ತಿದರು. ಒಂದು ಕೆಮ್ಮೂ ಇಲ್ಲ. ಆದರೆ ಆ ಅಂಗೈ ಗಡಗಡ ನಡುಗುತ್ತಿತ್ತು. ಬಗ್ಗಿ ಮೆಲ್ಲಗೆ ಕೇಳಿದೆ, "ದೊಡ್ಡಪ್ಪ, ಹೊಟ್ಟೇನಾ?"

"ಅಲ್ಲ ಕಣೇ, ಸುಮ್ನಿರು," ಅಂದರು. ಆಗ ಮುಖ ನೋಡಿದೆ. ದೊಡ್ಡಮ್ಮ ಇನ್ನೂ ಗಿಂಡಿ ಬಗ್ಗಿಸಿರಲಿಲ್ಲ, ನನ್ನ ಕೈ ಆಗಲೇ ಒದ್ದೆಯಾಗಿತ್ತು.